ಸಮಾಜ ವಿಜ್ಞಾನದ ಪ್ರಶ್ನೆಗಳು ಯುರೋಪಿನಲ್ಲಿ ಕಾನೂನಾಗುವುದು ಹೇಗೆ?

ಕಾಲಿಗೆ ಸರಿಯಾಗಿ ಹಿಡಿಸುವ ಎರಡು ಜೊತೆ ಶೂ ನಿಮ್ಮ ಹತ್ತಿರ ಇದೆಯಾ? ಬಟ್ಟೆ ಹಳೆಯದಾದರೆ ಹೊಸದು ಕೊಳ್ಳೋಕೆ ಆಗುತ್ತಾ? ತಿಂಗಳಿಗೆ ಒಂದು ಸಲವಾದರೂ ಗೆಳೆಯರ ಜೊತೆಗೋ ನೆಂಟರ ಜೊತೆಗೋ ಕೂತು ಊಟ ಮಾಡುತ್ತೀರಾ? ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗೆ ಇಟ್ಟುಕೊಳ್ಳುವಷ್ಟು ದುಡ್ಡು ಇದೆಯಾ?

ಯುರೋಪಿಯನ್ ಒಕ್ಕೂಟದ 27 ದೇಶಗಳಲ್ಲಿ ಪ್ರತಿ ವರ್ಷ ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಇಂಥ ಪ್ರಶ್ನೆ ಕೇಳುತ್ತಾರೆ. ಸಣ್ಣ ವಿಷಯ ಅನ್ನಿಸಬಹುದು. ಆದರೆ ಬಡವರು ಎಷ್ಟು ಜನ, ಯಾವ ದೇಶದಲ್ಲಿ ಜಾಸ್ತಿ, ಮಕ್ಕಳ ಪಾಡೇನು ಅನ್ನುವುದೆಲ್ಲ ತೀರ್ಮಾನವಾಗುವುದು ಈ ಉತ್ತರಗಳಿಂದ ಮತ್ತು ಮನೆಯ ಆದಾಯದ ಲೆಕ್ಕದಿಂದ. ಆ ತೀರ್ಮಾನದ ಹಿಂದೆಯೇ ದುಡ್ಡು ಕೂಡ ಹೋಗುತ್ತದೆ. 2021ರಲ್ಲಿ ಬಂದ ಒಂದು ನಿಯಮ ನೋಡಿ. ಮಕ್ಕಳ ಬಡತನ ಒಕ್ಕೂಟದ ಸರಾಸರಿಗಿಂತ ಮೇಲಿದ್ದ ದೇಶಗಳು, ತಮಗೆ ಬರುವ ಯುರೋಪಿಯನ್ ಸಾಮಾಜಿಕ ನಿಧಿಯಲ್ಲಿ ಕನಿಷ್ಠ ಶೇ 5ರಷ್ಟನ್ನು ಆ ಬಡತನ ತಗ್ಗಿಸುವುದಕ್ಕೇ ಎತ್ತಿಡಬೇಕು. ಹಾಗಾಗಿ ‘ಬಡ ಮಗು’ ಅಂದರೆ ಯಾರು ಅಂತ ಹೇಗೆ ಎಣಿಸುತ್ತೇವೆ ಅನ್ನುವುದು ಬರೀ ಪಂಡಿತರ ಚರ್ಚೆಯಾಗಿ ಉಳಿಯುವುದಿಲ್ಲ.

ಸಮಾಜ ವಿಜ್ಞಾನ, ಇತಿಹಾಸ, ಸಾಹಿತ್ಯ ಇಂಥವುಗಳ ಸಂಶೋಧನೆಯಿಂದ ಸರ್ಕಾರಕ್ಕೆ ಏನು ಉಪಯೋಗ ಅಂತ ಕೇಳುವವರು ಎಲ್ಲ ಕಡೆ ಇದ್ದಾರೆ. ಪ್ರೊಫೆಸರು ವರದಿ ಬರೆಯುತ್ತಾರೆ, ಮಂತ್ರಿ ಓದುತ್ತಾರೆ, ಕಾನೂನು ಬರುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗೆ ಆಗುವುದು ಬಹಳ ಅಪರೂಪ. ಸಂಶೋಧನೆ ಸರ್ಕಾರದೊಳಗೆ ಹೋಗುವುದು ಹೆಚ್ಚಾಗಿ ಅಳತೆಗೋಲಿನ ರೂಪದಲ್ಲಿ. ಏನನ್ನು ಎಣಿಸಬೇಕು, ಯಾರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಂತ ಒಮ್ಮೆ ನಿಗದಿಯಾದರೆ, ಮುಂದಿನ ಇಪ್ಪತ್ತು ಮೂವತ್ತು ವರ್ಷದ ಚರ್ಚೆಯೆಲ್ಲ ಅದರೊಳಗೇ ನಡೆಯುತ್ತದೆ. ಯಾವ ಪಕ್ಷ ಬಂದರೂ ಹೋದರೂ ಅದು ಉಳಿಯುತ್ತದೆ. ಅದಕ್ಕೇ ಇದನ್ನು ನಾವು ಸ್ವಲ್ಪ ಹತ್ತಿರದಿಂದ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಶೂಗಳ ಪ್ರಶ್ನೆ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರೆ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಪೀಟರ್ ಟೌನ್‌ಸೆಂಡ್ ಅವರ ಹತ್ತಿರ ಬರುತ್ತೇವೆ. 1960ರ ದಶಕದಲ್ಲಿ ಬ್ರಿಟನ್ ಶ್ರೀಮಂತವಾಗುತ್ತಿತ್ತು, ಹಸಿವು ಕಡಿಮೆಯಾಗಿತ್ತು, ಬಡತನ ಮುಗಿದ ಕತೆ ಅಂತ ಬಹಳ ಜನ ನಂಬಿದ್ದರು. ಟೌನ್‌ಸೆಂಡ್ ಅದನ್ನು ಒಪ್ಪಲಿಲ್ಲ. ಹೊಟ್ಟೆ ತುಂಬಿದ ಮಾತ್ರಕ್ಕೆ ಬಡತನ ಹೋಗುವುದಿಲ್ಲ, ಸುತ್ತಲಿನವರು ಸಹಜವಾಗಿ ಬದುಕುವ ಬದುಕಿನಿಂದ ದುಡ್ಡಿಲ್ಲ ಅನ್ನುವ ಒಂದೇ ಕಾರಣಕ್ಕೆ ಹೊರಗುಳಿಯುವುದೂ ಬಡತನವೇ ಅಂದರು. ಅದನ್ನು ತೋರಿಸಲು ಅವರ ತಂಡ 1968–69ರಲ್ಲಿ ಮನೆ ಮನೆಗೆ ಹೋಗಿ ಕೇಳಿತು. ವರ್ಷದಲ್ಲಿ ಒಂದು ವಾರ ಊರು ಬಿಟ್ಟು ರಜೆಗೆ ಹೋಗಿದ್ದಿರಾ? ಕಳೆದ ನಾಲ್ಕು ವಾರದಲ್ಲಿ ಯಾರನ್ನಾದರೂ ಮನೆಗೆ ಊಟಕ್ಕೆ ಕರೆದಿದ್ದಿರಾ? ಮಗುವಿನ ಹುಟ್ಟುಹಬ್ಬ ಮಾಡಿದಿರಾ? ಭಾನುವಾರದ ಮಾಂಸದೂಟ ಮಾಡುತ್ತೀರಾ?

1979ರಲ್ಲಿ ಇದರ ಫಲಿತಾಂಶ ಪುಸ್ತಕವಾಗಿ ಬಂದಾಗ ಆಕ್ಷೇಪವೂ ಬಂತು. ಒಬ್ಬರು ಮಾಂಸ ತಿನ್ನುವುದಿಲ್ಲ ಅಂದರೆ ಅವರಿಗೆ ಇಷ್ಟವಿಲ್ಲದೆ ಇರಬಹುದು, ಅದನ್ನು ಬಡತನ ಅನ್ನೋಕೆ ಆಗುತ್ತಾ? ನ್ಯಾಯವಾದ ಪ್ರಶ್ನೆಯೇ. ಇದಕ್ಕೆ ಉತ್ತರ ಸಿಕ್ಕಿದ್ದು 1983ರಲ್ಲಿ. ಜೊವಾನಾ ಮ್ಯಾಕ್ ಮತ್ತು ಸ್ಟೂವರ್ಟ್ ಲ್ಯಾನ್ಸ್ಲಿ ಒಂದು ಟಿವಿ ಸರಣಿಗಾಗಿ ಮಾಡಿದ ಸಮೀಕ್ಷೆಯಲ್ಲಿ ಎರಡು ಬದಲಾವಣೆ ತಂದರು. ಬದುಕಿಗೆ ಯಾವುದು ಅಗತ್ಯ ಅಂತ ತಾವೇ ನಿರ್ಧರಿಸದೆ ಜನರನ್ನೇ ಕೇಳಿದರು. ಇನ್ನೊಂದು, ‘ಇಲ್ಲ’ ಅಂದವರಿಗೆ ‘ಬೇಡ ಅಂತ ಇಲ್ಲವಾ, ಕೊಳ್ಳೋಕೆ ಆಗದೆ ಇಲ್ಲವಾ’ ಅಂತ ಮತ್ತೆ ಕೇಳಿದರು. ಈ ಎರಡನೇ ಪ್ರಶ್ನೆಯಿಂದ ಇಡೀ ವಿಧಾನವೇ ಗಟ್ಟಿಯಾಯಿತು. ಇವತ್ತಿಗೂ ಯುರೋಪಿನ ಸಮೀಕ್ಷೆಯಲ್ಲಿ ಲೆಕ್ಕಕ್ಕೆ ಬರುವುದು ದುಡ್ಡಿಲ್ಲದೆ ಬಿಟ್ಟಿದ್ದು ಮಾತ್ರ. ಊಟದ ಪ್ರಶ್ನೆಯನ್ನೂ ಹಾಗೇ ತಿದ್ದಿದ್ದಾರೆ. ಎರಡು ದಿನಕ್ಕೊಮ್ಮೆ ಮಾಂಸ, ಕೋಳಿ ಅಥವಾ ಮೀನು, ಇಲ್ಲವೇ ಅದಕ್ಕೆ ಸಮನಾದ ಸಸ್ಯಾಹಾರಿ ಊಟ ಮಾಡಲು ಶಕ್ತಿ ಇದೆಯಾ ಅಂತ ಕೇಳುತ್ತಾರೆ.

ಬ್ರಿಟನ್ನಿನಿಂದ ಒಕ್ಕೂಟದ ಕಚೇರಿಗಳಿರುವ ಬ್ರಸೆಲ್ಸ್‌ಗೆ ಈ ವಿಚಾರ ಬಂದಿದ್ದು ನಿಧಾನವಾಗಿ. 1975ರಲ್ಲೇ ಯುರೋಪಿನ ಮಂತ್ರಿಗಳ ಸಭೆ, ತಾವಿರುವ ದೇಶದಲ್ಲಿ ಕನಿಷ್ಠ ಒಪ್ಪಬಹುದಾದ ಬದುಕಿನಿಂದ ಹೊರಗುಳಿಯುವಷ್ಟು ಕಡಿಮೆ ಸಂಪನ್ಮೂಲ ಇರುವವರು ಬಡವರು ಅಂತ ಬರೆದುಕೊಂಡಿತ್ತು. ಅದನ್ನು ಅಳೆಯುವುದು ಹೇಗೆ ಅಂತ ಎಲ್ಲ ದೇಶಗಳೂ ಒಪ್ಪಲು 2001ರ ಡಿಸೆಂಬರ್ ಆಗಬೇಕಾಯಿತು. ಆಗ ಒಕ್ಕೂಟದ ಅಧ್ಯಕ್ಷತೆ ಬೆಲ್ಜಿಯಂ ಸರದಿ. ಅಲ್ಲಿನ ಸಾಮಾಜಿಕ ಭದ್ರತೆಯ ಮಂತ್ರಿ ಫ್ರಾಂಕ್ ವಾಂಡನ್‌ಬ್ರೂಕ್ ಆಕ್ಸ್‌ಫರ್ಡ್‌ನಲ್ಲಿ ಡಾಕ್ಟರೇಟ್ ಮಾಡಿದವರು. ಅವರ ಸರ್ಕಾರ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಟೋನಿ ಆಟ್ಕಿನ್ಸನ್ ಮತ್ತು ಮೂವರು ಸಹೋದ್ಯೋಗಿಗಳಿಂದ ಒಂದು ಅಧ್ಯಯನ ಮಾಡಿಸಿತು. ಬ್ರಸೆಲ್ಸ್‌ನ ಲಾಕನ್‌ನಲ್ಲಿ ನಡೆದ ಶೃಂಗಸಭೆಯಲ್ಲಿ 18 ಸೂಚಕಗಳಿಗೆ ಒಪ್ಪಿಗೆ ಸಿಕ್ಕಿತು. ಮುಖ್ಯವಾದದ್ದು ಇದು: ಆಯಾ ದೇಶದ ಮನೆಗಳ ಆದಾಯವನ್ನು ಸಾಲಾಗಿ ಇಟ್ಟರೆ ಸರಿಯಾಗಿ ನಡುವೆ ಬರುವ ಮೊತ್ತ ಇದೆಯಲ್ಲ, ಅದನ್ನೇ ಮಧ್ಯಾಂಕ ಅನ್ನುವುದು, ಅದರ ಶೇ 60ಕ್ಕಿಂತ ಕೆಳಗಿರುವವರು ಬಡತನದ ಅಪಾಯದಲ್ಲಿದ್ದಾರೆ.

ಒಬ್ಬ ಸಂಶೋಧಕ ಮಂತ್ರಿಯಾಗಿದ್ದ ಹೊತ್ತಿಗೆ ಅಧ್ಯಕ್ಷತೆಯ ಸರದಿ ಬಂದದ್ದು, ಆಟ್ಕಿನ್ಸನ್ ಮೂರು ದಶಕದಿಂದ ಇದೇ ಕೆಲಸ ಮಾಡುತ್ತಾ ಬಂದಿದ್ದು, ಎರಡೂ ಒಂದೇ ಕಡೆ ಕೂಡಿಕೊಂಡವು. ಸಂಶೋಧನೆ ನೀತಿಯಾಗುವ ಕತೆಗಳಲ್ಲಿ ಇಂಥ ಕೂಡಿಕೆ ಬಹಳ ಸಲ ಕಾಣುತ್ತದೆ. ಕೆಲಸ ಮೊದಲೇ ಆಗಿರಬೇಕು. ಬಾಗಿಲು ತೆರೆದಾಗ ಶುರು ಮಾಡಿದರೆ ತಡವಾಗಿಬಿಡುತ್ತದೆ.

ಶೇ 60ರ ಈ ಗೆರೆಯಲ್ಲಿ ಒಂದು ತೊಂದರೆ ಇತ್ತು. 2008ರ ನಂತರ ಗ್ರೀಸ್‌ನಲ್ಲಿ ಎಲ್ಲರ ಆದಾಯವೂ ಕುಸಿಯಿತು. ಎಲ್ಲರದೂ ಕುಸಿದರೆ ನಡುವಿನ ಮೊತ್ತವೂ ಕುಸಿಯುತ್ತದೆ, ಅದರ ಜೊತೆ ಬಡತನದ ಗೆರೆಯೂ ಕೆಳಗೆ ಇಳಿಯುತ್ತದೆ. ನಿನ್ನೆ ಬಡವ ಅನ್ನಿಸಿಕೊಂಡಿದ್ದವನು ಇವತ್ತು ಒಂದು ಪೈಸೆ ಜಾಸ್ತಿ ಬರದಿದ್ದರೂ ಗೆರೆಯ ಮೇಲೆ ಬಂದುಬಿಡಬಹುದು! ಆಗ ಕಣ್ಣಿಗೆ ಕಾಣುವ ಕಷ್ಟವನ್ನು ಹಿಡಿದು ತೋರಿಸಿದ್ದು ಮನೆ ಬೆಚ್ಚಗಿದೆಯಾ, ಬಿಲ್ಲು ಕಟ್ಟೋಕೆ ಆಗುತ್ತಾ ಅನ್ನುವ ಆ ಸಣ್ಣ ಪ್ರಶ್ನೆಗಳೇ. ಅದಕ್ಕೇ ಒಂದೇ ಅಳತೆಯನ್ನು ನಂಬಿ ಕೂರಬಾರದು ಅಂತ ಸಂಶೋಧಕರು ಹಟ ಹಿಡಿಯುತ್ತಾರೆ. 2010ರಲ್ಲಿ ಒಕ್ಕೂಟ, ಹತ್ತು ವರ್ಷದಲ್ಲಿ 2 ಕೋಟಿ ಜನರನ್ನು ಬಡತನದಿಂದ ಹೊರತರುತ್ತೇವೆ ಅಂದಾಗ ಆದಾಯ, ವಸ್ತುಗಳ ಕೊರತೆ, ಮನೆಯಲ್ಲಿ ದುಡಿಮೆಯ ಕೊರತೆ, ಈ ಮೂರನ್ನೂ ಸೇರಿಸಿ ಎಣಿಸಿತು. ಗುರಿ ಮುಟ್ಟಲಿಲ್ಲ. ಆದರೆ ಮುಟ್ಟಲಿಲ್ಲ ಅಂತ ಎಲ್ಲರಿಗೂ ಗೊತ್ತಾಯಿತು, ಅದೂ ಸಣ್ಣ ಮಾತಲ್ಲ. 2030ಕ್ಕೆ ಈಗ ಹೊಸ ಗುರಿ ಇದೆ, ಕನಿಷ್ಠ ಒಂದೂವರೆ ಕೋಟಿ ಜನ, ಅದರಲ್ಲಿ 50 ಲಕ್ಷ ಮಕ್ಕಳು.

ವಸ್ತುಗಳ ಕೊರತೆ ಅಳೆಯುವ ಈ ಪ್ರಶ್ನೆಗಳ ಪಟ್ಟಿಯನ್ನೂ ಆಗಾಗ ಪರಿಷ್ಕರಿಸಬೇಕಾಗುತ್ತದೆ. ಮೊದಲು ಅದರಲ್ಲಿ ಒಂಬತ್ತು ಅಂಶಗಳಿದ್ದವು. ಟಿವಿ ಇದೆಯಾ, ಫೋನ್ ಇದೆಯಾ, ಬಟ್ಟೆ ಒಗೆಯುವ ಮಷೀನ್ ಇದೆಯಾ ಅಂತೆಲ್ಲ ಇತ್ತು. ಕಾಲ ಕಳೆದಂತೆ ಬಡವರ ಮನೆಯಲ್ಲೂ ಟಿವಿ, ಫೋನ್ ಬಂದವು, ಆ ಪ್ರಶ್ನೆಗಳಿಂದ ಏನೂ ತಿಳಿಯದಂತಾಯಿತು. ಸಂಶೋಧಕಿ ಆನ್-ಕ್ಯಾಥರೀನ್ ಗಿಯೊ ಮತ್ತು ಅವರ ಸಂಗಡಿಗರು ಒಂದೊಂದು ಅಂಶವನ್ನೂ ದೇಶದಿಂದ ದೇಶಕ್ಕೆ ಪರೀಕ್ಷಿಸಿ 13 ಅಂಶಗಳ ಹೊಸ ಪಟ್ಟಿ ಮಾಡಿದರು. 2017ರಲ್ಲಿ ಅದು ಅಧಿಕೃತವಾಯಿತು. ಇಂಟರ್‌ನೆಟ್ ಸೇರಿತು. ವಾರಕ್ಕೊಮ್ಮೆ ತನಗೋಸ್ಕರ ಒಂದಿಷ್ಟು ದುಡ್ಡು ಖರ್ಚು ಮಾಡೋಕೆ ಆಗುತ್ತಾ ಅನ್ನುವುದೂ ಸೇರಿತು. ಇದನ್ನು ಮನೆಯ ಯಜಮಾನರನ್ನು ಮಾತ್ರ ಕೇಳಿದರೆ ಸಾಲದು, ದೊಡ್ಡವರು ಒಬ್ಬೊಬ್ಬರದ್ದೂ ಬೇರೆ ಬೇರೆ ಉತ್ತರ ಬೇಕು. ಯಾಕೆ ಅಂದರೆ ಒಂದೇ ಮನೆಯಲ್ಲಿ ಗಂಡನ ಕೈಯಲ್ಲಿ ದುಡ್ಡಿದ್ದು ಹೆಂಡತಿಯ ಕೈ ಖಾಲಿ ಇರಬಹುದು, ಅಲ್ವಾ? ಆದಾಯದ ಲೆಕ್ಕದಲ್ಲಿ ಇದು ಯಾವತ್ತೂ ಕಾಣುವುದಿಲ್ಲ. ಕುಟುಂಬ, ಹೆಣ್ಣುಮಕ್ಕಳ ಬದುಕು ಇವುಗಳ ಮೇಲೆ ದಶಕಗಟ್ಟಲೆ ಕೆಲಸ ಮಾಡಿದವರ ತಿಳಿವಳಿಕೆ ಒಂದು ಅಂಕಿಅಂಶದ ನಮೂನೆಯೊಳಗೆ ಹೀಗೆ ಬಂದು ಕೂತಿದೆ. ನನಗೆ ಇದು ತುಂಬ ದೊಡ್ಡ ಗೆಲುವು ಅನ್ನಿಸುತ್ತದೆ.

ಅಳೆಯುವುದರಿಂದ ಮುಂದಿನ ಹೆಜ್ಜೆ ಲೆಕ್ಕ ಹಾಕಿ ನೋಡುವುದು. ಮಕ್ಕಳ ಭತ್ಯೆ ಇಷ್ಟು ಏರಿಸಿದರೆ, ಆ ತೆರಿಗೆ ಇಷ್ಟು ಇಳಿಸಿದರೆ, ಯಾವ ಮನೆಗೆ ಎಷ್ಟು ಸಿಗುತ್ತದೆ? ಇದಕ್ಕೆ ಯುರೋಮೋಡ್ ಅಂತ ಒಂದು ಕಂಪ್ಯೂಟರ್ ಮಾದರಿ ಇದೆ. 1990ರ ದಶಕದಲ್ಲಿ ಹೋಲಿ ಸದರ್‌ಲ್ಯಾಂಡ್ ಅವರ ನೇತೃತ್ವದಲ್ಲಿ ಕೇಂಬ್ರಿಜ್‌ನಲ್ಲಿ ಶುರುವಾಗಿ, ಆಮೇಲೆ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಬೆಳೆಯಿತು. ಎಲ್ಲ ದೇಶಗಳ ತೆರಿಗೆ, ಪಿಂಚಣಿ, ಭತ್ಯೆಯ ನಿಯಮಗಳನ್ನು ಒಂದೇ ಚೌಕಟ್ಟಿನಲ್ಲಿ ಬರೆದು, ಸಮೀಕ್ಷೆಯ ಮನೆಗಳ ಮೇಲೆ ಓಡಿಸಿ ನೋಡುವ ಕೆಲಸ ಅದು. 2021ರಿಂದ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್ನಿನ ಸ್ವಂತ ಸಂಶೋಧನಾ ಕೇಂದ್ರವೇ ಅದನ್ನು ನೋಡಿಕೊಳ್ಳುತ್ತಿದೆ. ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಒಂದು ಸಾಧನ ಸರ್ಕಾರದ ದಿನನಿತ್ಯದ ಉಪಕರಣವಾಗಲು ಇಪ್ಪತ್ತು ವರ್ಷ ದಾಟಿತು. ಎರಡು ಮೂರು ವರ್ಷದ ಅನುದಾನ ಕೊಟ್ಟು ‘ಪರಿಣಾಮ ಎಲ್ಲಿ?’ ಅಂತ ಕೇಳುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಒಮ್ಮೊಮ್ಮೆ ಸಂಶೋಧನೆ ಮಾಡುವ ಕೆಲಸ ಹೆದರಿಕೆಯನ್ನು ಪರೀಕ್ಷಿಸುವುದು. ಕನಿಷ್ಠ ವೇತನದ ಕತೆ ಹಾಗೇ. ಕಾನೂನಿನಿಂದ ಕೂಲಿ ಏರಿಸಿದರೆ ಕೆಲಸ ಹೋಗುತ್ತದೆ ಅನ್ನುವುದು ಬಹಳ ಕಾಲ ಅರ್ಥಶಾಸ್ತ್ರದ ಪಾಠವಾಗಿತ್ತು. 1992ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಗಂಟೆಯ ಕನಿಷ್ಠ ವೇತನವನ್ನು 4.25 ಡಾಲರ್‌ನಿಂದ 5.05ಕ್ಕೆ ಏರಿಸಿದಾಗ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್, ಅಲ್ಲಿನ ಮತ್ತು ಪಕ್ಕದ ಪೆನ್ಸಿಲ್ವೇನಿಯಾದ ಫಾಸ್ಟ್‌ಫುಡ್ ಹೋಟೆಲುಗಳನ್ನು ಹೋಲಿಸಿದರು. ಕೆಲಸ ಕಡಿಮೆಯಾದದ್ದು ಕಾಣಲಿಲ್ಲ. ಈ ಬಗೆಯ ಕೆಲಸಕ್ಕೆ ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು, ಕ್ರೂಗರ್ ಅಷ್ಟರಲ್ಲಿ ತೀರಿಕೊಂಡಿದ್ದರು.

ಜರ್ಮನಿಯಲ್ಲಿ ದೇಶಕ್ಕೆಲ್ಲ ಒಂದೇ ಕನಿಷ್ಠ ವೇತನ ಬಂದಿದ್ದು 2015ರ ಜನವರಿ 1ರಂದು, ಗಂಟೆಗೆ 8.50 ಯೂರೋ. ಲಕ್ಷಾಂತರ ಕೆಲಸ ಹೋಗುತ್ತದೆ ಅಂತ ಆಗ ಅಲ್ಲಿನ ಹೆಸರಾಂತ ಅರ್ಥಶಾಸ್ತ್ರಜ್ಞರೇ ಎಚ್ಚರಿಸಿದ್ದರು. ಆಮೇಲೆ ಅರ್ಥಶಾಸ್ತ್ರಜ್ಞ ಕ್ರಿಸ್ಟಿಯನ್ ಡುಸ್ಟ್‌ಮನ್ ಮತ್ತು ಸಂಗಡಿಗರು ಉದ್ಯೋಗದ ಸರ್ಕಾರಿ ದಾಖಲೆಗಳನ್ನೇ ಇಟ್ಟುಕೊಂಡು ನೋಡಿದಾಗ ಕಂಡಿದ್ದು ಬೇರೆ. ಕಡಿಮೆ ಕೂಲಿಯವರ ಸಂಬಳ ಏರಿತ್ತು, ಉದ್ಯೋಗ ಕುಸಿದಿರಲಿಲ್ಲ, ಎಷ್ಟೋ ಜನ ಸಣ್ಣ ಸಂಸ್ಥೆ ಬಿಟ್ಟು ದೊಡ್ಡ, ಜಾಸ್ತಿ ಸಂಬಳ ಕೊಡುವ ಸಂಸ್ಥೆಗಳಿಗೆ ಹೋಗಿದ್ದರು. 2022ರಲ್ಲಿ ಒಕ್ಕೂಟವೇ ಕನಿಷ್ಠ ವೇತನದ ನಿರ್ದೇಶನ ಹೊರಡಿಸಿತು. ಮಧ್ಯಾಂಕ ವೇತನದ ಶೇ 60, ಸರಾಸರಿ ವೇತನದ ಶೇ 50, ಇವುಗಳನ್ನು ಸಾಕಾಗುವಷ್ಟಿದೆಯಾ ಅಂತ ನೋಡುವ ಮಟ್ಟವಾಗಿ ಬಳಸಬಹುದು ಅಂತ ಅದರಲ್ಲಿ ಹೇಳಿದೆ. ಕರ್ನಾಟಕದಿಂದ ಓದೋಕೆ ಹೋಗಿ ಬರ್ಲಿನ್‌ನಲ್ಲೋ ಮ್ಯೂನಿಕ್‌ನಲ್ಲೋ ಸಂಜೆ ಹೊತ್ತು ಅಂಗಡಿಯಲ್ಲಿ ದುಡಿಯುವ ನಮ್ಮ ಹುಡುಗ ಹುಡುಗಿಯರಿಗೂ ಜರ್ಮನಿಯ ಇದೇ ಕನಿಷ್ಠ ವೇತನ ಅನ್ವಯ. 2025ರಲ್ಲಿ ಅದು 12.82 ಯೂರೋ ಇತ್ತು.

ಸಂಶೋಧನೆ ಹಾನಿಯನ್ನೂ ಮಾಡಬಹುದು, ಅದನ್ನು ಮುಚ್ಚಿಡಬಾರದು. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗೊಫ್ 2010ರಲ್ಲಿ ಒಂದು ಪ್ರಬಂಧ ಬರೆದರು. ಸರ್ಕಾರದ ಸಾಲ ದೇಶದ ಒಟ್ಟು ಉತ್ಪನ್ನದ ಶೇ 90 ದಾಟಿದರೆ ಬೆಳವಣಿಗೆ ತೀರಾ ಬಿದ್ದುಹೋಗುತ್ತದೆ ಅನ್ನುವುದು ಅದರ ಮಾತು. ಯುರೋಪಿನಲ್ಲಿ ಆಗ ಸಾಲದ ಬಿಕ್ಕಟ್ಟು. ಆಸ್ಪತ್ರೆ, ಶಾಲೆ, ಪಿಂಚಣಿಯ ಖರ್ಚು ಕಡಿತ ಮಾಡುತ್ತಿದ್ದ ಕಾಲ. ಕಮಿಷನ್ನಿನ ಹಣಕಾಸು ಜವಾಬ್ದಾರಿ ಹೊತ್ತಿದ್ದ ಒಲ್ಲಿ ರೆನ್ 2013ರ ಫೆಬ್ರವರಿಯಲ್ಲಿ ಮಂತ್ರಿಗಳಿಗೆ ಬರೆದ ಪತ್ರದಲ್ಲೂ ಈ 90ರ ಗೆರೆ ಇತ್ತು. ಎರಡೇ ತಿಂಗಳಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್, ಇಬ್ಬರು ಪ್ರಾಧ್ಯಾಪಕರ ಜೊತೆ ಸೇರಿ, ಆ ಪ್ರಬಂಧದ ಎಕ್ಸೆಲ್ ಹಾಳೆಯಲ್ಲಿ ಐದು ದೇಶಗಳು ಲೆಕ್ಕದಿಂದ ಬಿಟ್ಟುಹೋಗಿವೆ ಅಂತ ತೋರಿಸಿದರು. ಅದನ್ನೂ ಇತರ ದೋಷಗಳನ್ನೂ ಸರಿಪಡಿಸಿದರೆ ಶೇ 90 ದಾಟಿದ ದೇಶಗಳ ಸರಾಸರಿ ಬೆಳವಣಿಗೆ ಶೇ ಮೈನಸ್ 0.1ರಿಂದ ಶೇ 2.2ಕ್ಕೆ ಬರುತ್ತಿತ್ತು. ಲೇಖಕರು ಎಕ್ಸೆಲ್ ತಪ್ಪನ್ನು ಒಪ್ಪಿಕೊಂಡರು, ಸಾಲ ಜಾಸ್ತಿಯಾದರೆ ಬೆಳವಣಿಗೆ ತಗ್ಗುತ್ತದೆ ಅನ್ನುವ ನಿಲುವನ್ನು ಬಿಡಲಿಲ್ಲ. ನನಗೆ ಕಾಡುವುದು ಬೇರೆ ವಿಷಯ. ಅಧಿಕಾರದಲ್ಲಿದ್ದವರಿಗೆ ತಾವು ಮೊದಲೇ ಮಾಡಬೇಕು ಅಂದುಕೊಂಡಿದ್ದಕ್ಕೆ ಒಂದು ದುಂಡನೆಯ ಸಂಖ್ಯೆ ಸಿಕ್ಕಿತ್ತು, ಅದನ್ನು ಯಾರೂ ತೆರೆದು ನೋಡಲಿಲ್ಲ. ಒಕ್ಕೂಟದ ದೇಶಗಳ ಬಜೆಟ್ ಕೊರತೆ ಒಟ್ಟು ಉತ್ಪನ್ನದ ಶೇ 3 ಮೀರಬಾರದು ಅನ್ನುವ ಹೆಸರಾಂತ ನಿಯಮ ಕೂಡ 1981ರಲ್ಲಿ ಫ್ರಾನ್ಸಿನ ಬಜೆಟ್ ಇಲಾಖೆಯಲ್ಲಿ ಅವಸರಕ್ಕೆ ಹುಟ್ಟಿದ ಸಂಖ್ಯೆ. ಅದನ್ನು ಹೊಳೆಸಿದ ಅಧಿಕಾರಿ ಗಿ ಅಬೇಲ್ ಅವರೇ, ಅದರ ಹಿಂದೆ ಯಾವ ಆರ್ಥಿಕ ಸಿದ್ಧಾಂತವೂ ಇರಲಿಲ್ಲ ಅಂತ ಹೇಳಿಕೊಂಡಿದ್ದಾರೆ.

ಇಷ್ಟು ಹೊತ್ತು ಎಣಿಕೆಯ ಮಾತೇ ಆಯಿತು. ಇತಿಹಾಸ, ಕಲೆಯ ಅಧ್ಯಯನ ಮಾಡುವವರ ಪಾತ್ರ ಏನು? 2017ರ ನವೆಂಬರಿನಲ್ಲಿ ಫ್ರಾನ್ಸ್ ಅಧ್ಯಕ್ಷ ಎಮಾನ್ಯುಯೆಲ್ ಮ್ಯಾಕ್ರಾನ್, ಆಫ್ರಿಕಾದ ಕಲಾವಸ್ತುಗಳನ್ನು ವಾಪಸ್ ಕೊಡುವ ದಾರಿ ಹುಡುಕುತ್ತೇವೆ ಅಂತ ಬುರ್ಕಿನಾ ಫಾಸೊದಲ್ಲಿ ಘೋಷಿಸಿದರು. ಕೆಲಸ ವಹಿಸಿದ್ದು ಇಬ್ಬರಿಗೆ, ಕಲಾ ಇತಿಹಾಸಕಾರ್ತಿ ಬೆನೆಡಿಕ್ಟ್ ಸವ್ವಾ ಮತ್ತು ಸೆನೆಗಲ್‌ನ ಅರ್ಥಶಾಸ್ತ್ರಜ್ಞ, ಲೇಖಕ ಫೆಲ್ವಿನ್ ಸಾರ್. ಮ್ಯೂಸಿಯಂ ಅಂದರೆ ನಾವು ಗಾಜಿನ ಪೆಟ್ಟಿಗೆಯ ಮುಂದೆ ನಿಂತು ವಸ್ತುವನ್ನು ನೋಡುತ್ತೇವೆ. ಇವರು ನೋಡಿದ್ದು ದಾಖಲಾತಿ ಪುಸ್ತಕಗಳನ್ನು. ಯಾವ ವರ್ಷ ಬಂತು, ಕೊಟ್ಟವರು ಯಾರು, ಆ ಮನುಷ್ಯ ಸೈನಿಕನಾ, ಆಡಳಿತಾಧಿಕಾರಿಯಾ, ಪಾದ್ರಿಯಾ? ಫ್ರಾನ್ಸಿನ ಸರ್ಕಾರಿ ಸಂಗ್ರಹಗಳಲ್ಲಿ ಸಹಾರಾ ಮರುಭೂಮಿಯ ಕೆಳಗಿನ ಆಫ್ರಿಕಾಕ್ಕೆ ಸೇರಿದ ಸುಮಾರು 90,000 ವಸ್ತುಗಳಿವೆ, ಸುಮಾರು 70,000 ಪ್ಯಾರಿಸ್‌ನ ಕೇ ಬ್ರಾನ್ಲಿ ಮ್ಯೂಸಿಯಂ ಒಂದರಲ್ಲೇ, ಅದರಲ್ಲಿ ಹೆಚ್ಚಿನವು ವಸಾಹತು ಆಳ್ವಿಕೆಯ ಕಾಲದಲ್ಲಿ ಬಂದಿದ್ದು ಅಂತ 2018ರ ವರದಿಯಲ್ಲಿ ಪಟ್ಟಿ ಸಮೇತ ಬರೆದರು.

ಒಮ್ಮೆ ಪಟ್ಟಿ ಬಂದ ಮೇಲೆ ‘ಎಲ್ಲಿಂದಲೋ ಬಂತು’ ಅಂತ ಹೇಳೋಕೆ ಆಗುವುದಿಲ್ಲ. ಇಂದಿನ ಬೆನಿನ್ ದೇಶದಲ್ಲಿರುವ ಅಬೊಮೆ ಅರಮನೆಯ ಸಿಂಹಾಸನಗಳು, ರಾಜರ ಮರದ ಮೂರ್ತಿಗಳು, ಕೆತ್ತನೆಯ ಬಾಗಿಲುಗಳು 1892ರಲ್ಲಿ ಫ್ರೆಂಚ್ ಸೇನಾನಿ ಡಾಡ್ಸ್ ದಾಳಿ ಮಾಡಿದಾಗ ಹೊತ್ತು ತಂದವು. ಸರ್ಕಾರಿ ಸಂಗ್ರಹದ ವಸ್ತುವನ್ನು ಬೇರೆಯವರಿಗೆ ಕೊಡಬಾರದು ಅಂತ ಫ್ರಾನ್ಸಿನಲ್ಲಿ ಕಾನೂನು ಇತ್ತು, ಹಾಗಾಗಿ 2020ರ ಡಿಸೆಂಬರಿನಲ್ಲಿ ಇದಕ್ಕೆಂದೇ ಹೊಸ ಕಾನೂನು ಮಾಡಿ, 2021ರ ನವೆಂಬರಿನಲ್ಲಿ 26 ವಸ್ತುಗಳನ್ನು ಬೆನಿನ್ ದೇಶಕ್ಕೆ ಕಳಿಸಿದರು. ನೆದರ್‌ಲೆಂಡ್ಸ್ ಕೂಡ ಇದೇ ದಾರಿ ಹಿಡಿಯಿತು. ಶ್ರೀಲಂಕಾದ ಕ್ಯಾಂಡಿ ಅರಮನೆಯ, ಚಿನ್ನ ಬೆಳ್ಳಿ ಮಾಣಿಕ್ಯ ಕೂರಿಸಿದ ಒಂದು ಫಿರಂಗಿ ಆಮ್‌ಸ್ಟರ್‌ಡಾಮ್‌ನ ರೈಕ್ಸ್ ಮ್ಯೂಸಿಯಂನಲ್ಲಿತ್ತು. ಅದು 1765ರಲ್ಲಿ ಡಚ್ಚರು ಕ್ಯಾಂಡಿಯನ್ನು ಲೂಟಿ ಮಾಡಿದಾಗ ತಂದಿದ್ದು ಅಂತ ಸಂಶೋಧನೆ ತೋರಿಸಿತು. 2023ರಲ್ಲಿ ಇಂಡೊನೇಷ್ಯಾ ಮತ್ತು ಶ್ರೀಲಂಕಾಗೆ ಮರಳಿಸಿದ 478 ವಸ್ತುಗಳಲ್ಲಿ ಆ ಫಿರಂಗಿಯೂ ಇತ್ತು. ಹಳೆಯ ಪತ್ರ, ಹಡಗಿನ ಪಟ್ಟಿ, ಮ್ಯೂಸಿಯಂ ರಿಜಿಸ್ಟರ್ ಓದುವುದರಿಂದ ಏನು ಪ್ರಯೋಜನ ಅಂತ ಕೇಳುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಬ್ರಸೆಲ್ಸ್‌ನ ಒಳಗೆ ಇದಕ್ಕೆಲ್ಲ ದಾರಿಗಳು ಇವೆ. ದೊಡ್ಡ ಕಾನೂನು ತರುವ ಮುಂಚೆ ಅದರಿಂದ ಯಾರಿಗೆ ಏನಾಗುತ್ತದೆ ಅಂತ ಕಮಿಷನ್ ಅಂದಾಜು ವರದಿ ಮಾಡಬೇಕು, ಅದನ್ನು ಪರಿಶೀಲಿಸಲು 2015ರಿಂದ ಒಂದು ಮಂಡಳಿ ಇದೆ. ಅದೇ ವರ್ಷ ಏಳು ಜನ ಮುಖ್ಯ ವಿಜ್ಞಾನ ಸಲಹೆಗಾರರ ಗುಂಪೂ ಬಂತು. 2007ರಲ್ಲಿ ಶುರುವಾದ ಯುರೋಪಿಯನ್ ಸಂಶೋಧನಾ ಮಂಡಳಿಯ ಮೂರು ವಿಭಾಗಗಳಲ್ಲಿ ಒಂದು ಸಮಾಜ ವಿಜ್ಞಾನ ಮತ್ತು ಮಾನವಿಕಗಳದ್ದು. 2021ರಿಂದ 2027ರವರೆಗಿನ ಒಕ್ಕೂಟದ ಸಂಶೋಧನಾ ಕಾರ್ಯಕ್ರಮಕ್ಕೆ ಶುರುವಿನಲ್ಲಿ ಇಟ್ಟ ಒಟ್ಟು ಮೊತ್ತ ಸುಮಾರು 9,550 ಕೋಟಿ ಯೂರೋ. ಅದರಲ್ಲಿ ಸಂಸ್ಕೃತಿ ಮತ್ತು ಸಮಾಜದ ವಿಭಾಗಕ್ಕೆ ಸಿಕ್ಕಿದ್ದು ಸುಮಾರು 230 ಕೋಟಿ. ಕಡಿಮೆಯೇ. ಹವಾಮಾನ, ಇಂಧನ, ಡಿಜಿಟಲ್ ಯೋಜನೆಗಳಲ್ಲೂ ಸಮಾಜ ವಿಜ್ಞಾನಿಗಳನ್ನು ಸೇರಿಸಬೇಕು ಅಂತ ನಿಯಮ ಇದೆ, ಆದರೆ ಎಷ್ಟೋ ಕಡೆ ಅವರನ್ನು ಕರೆಯುವುದು ಎಲ್ಲ ನಿರ್ಧಾರ ಆದ ಮೇಲೆ, ಜನರನ್ನು ಒಪ್ಪಿಸಿ ಕೊಡಿ ಅಂತ. ಇದು ತಪ್ಪು. ಜನ ಹೇಗೆ ಬದುಕುತ್ತಾರೆ ಅಂತ ಮೊದಲೇ ಕೇಳಬೇಕು.

ಮೊದಲೇ ಕೇಳದಿದ್ದರೆ ಏನಾಗುತ್ತದೆ ಅಂತ 2018ರ ನವೆಂಬರಿನಲ್ಲಿ ಫ್ರಾನ್ಸ್ ನೋಡಿತು. ಹವಾಮಾನದ ಹೆಸರಿನಲ್ಲಿ ಡೀಸೆಲ್ ಮೇಲಿನ ತೆರಿಗೆ ಏರುತ್ತಾ ಹೋಗಿತ್ತು. ಮೆಟ್ರೊ ಇರುವ ಪ್ಯಾರಿಸ್ಸಿನವರಿಗೆ ಅದು ಅಷ್ಟು ತಟ್ಟಲಿಲ್ಲ. ಊರಾಚೆ, ಹಳ್ಳಿಗಳಲ್ಲಿದ್ದು ಕೆಲಸಕ್ಕೆ, ಆಸ್ಪತ್ರೆಗೆ, ಸಂತೆಗೆ ಕಾರನ್ನೇ ನಂಬಿದವರು ಹಳದಿ ಜಾಕೆಟ್ ಹಾಕಿಕೊಂಡು ರಸ್ತೆಗೆ ಬಂದರು. ಸರ್ಕಾರ ತೆರಿಗೆ ಏರಿಕೆಯನ್ನು ಕೈಬಿಡಬೇಕಾಯಿತು.

ಒಕ್ಕೂಟ ಈಗ ಮನೆ ಬಿಸಿಮಾಡುವ ಮತ್ತು ವಾಹನದ ಇಂಧನಕ್ಕೂ ಇಂಗಾಲದ ಬೆಲೆ ಕಟ್ಟುವ ಕಾನೂನು ಮಾಡಿದೆ. ಅದರ ಜೊತೆಗೇ, 2026ರಿಂದ 2032ರವರೆಗೆ, ಸದಸ್ಯ ದೇಶಗಳ ಪಾಲೂ ಸೇರಿ 8,670 ಕೋಟಿ ಯೂರೋವರೆಗಿನ ಒಂದು ಸಾಮಾಜಿಕ ಹವಾಮಾನ ನಿಧಿಯನ್ನೂ ಇಟ್ಟಿದೆ. ಇಂಧನದ ಬಡತನ, ಅಂದರೆ ಮನೆ ಬೆಚ್ಚಗಿಡಲು ದುಡ್ಡು ಸಾಲದಿರುವುದು, ಅನ್ನುವ ವಿಚಾರವನ್ನು ಬ್ರೆಂಡಾ ಬೋರ್ಡ್‌ಮನ್ 1991ರಲ್ಲೇ ಸಂಶೋಧನೆಯಿಂದ ತೋರಿಸಿದ್ದರು, ಅದಕ್ಕೆ ಅಳತೆಗಳು ಸಿದ್ಧ ಇವೆ. ಸಾರಿಗೆಯ ಬಡತನ ಅನ್ನುವುದಕ್ಕೆ ಮಾತ್ರ ಯುರೋಪಿನ ಕಾನೂನಿನಲ್ಲಿ ಅರ್ಥ ಬರೆದಿದ್ದು 2023ರಲ್ಲೇ ಮೊದಲು. ಬಸ್ ಸ್ಟಾಪ್ ಎಷ್ಟು ದೂರ, ಕೊನೆಯ ಬಸ್ ಎಷ್ಟು ಗಂಟೆಗೆ, ಹೆರಿಗೆ ಆಸ್ಪತ್ರೆಗೆ ಹೋಗೋಕೆ ಎಷ್ಟು ಹೊತ್ತು, ಇವುಗಳಲ್ಲಿ ಯಾವುದನ್ನು ಎಣಿಸಬೇಕು ಅನ್ನುವ ಕೆಲಸ ಈಗ ನಡೆಯುತ್ತಿದೆ. ದೇಶಗಳು ತಮ್ಮ ಯೋಜನೆಗಳಲ್ಲಿ ಯಾವ ಮನೆಗಳನ್ನು ಹೆಸರಿಸುತ್ತವೆ ಅನ್ನುವುದು ಆ ಪಟ್ಟಿಯ ಮೇಲೆ ನಿಂತಿದೆ.